ನಲವತ್ತು ಹೆಜ್ಜೆ ಆಚೆ ಕೂತ ಟೀಚರ್

ಶಾಲೆಯಿಂದ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: "ಎರಡನೇ ತರಗತಿ, ಹೆಣ್ಣು ಮಗು. ಮಾತು ಬರುವುದಿಲ್ಲ. ಕಿವಿ ಕೇಳಿಸುವುದೋ ಇಲ್ಲವೋ ತಿಳಿಯದು. ದಯವಿಟ್ಟು ನೋಡಿ."

ದಕ್ಷಿಣ ಕೊಡಗಿನ ಹನ್ನೊಂದು ಶಾಲೆಗಳು ಆಗ ನನ್ನ ಪಾಲಿಗಿದ್ದವು. ಹೋಗಿ ಮಕ್ಕಳ ಜೊತೆ ಕೂತು, ಅವರ ಮನಸ್ಸಿನ ಕಷ್ಟ ಏನೆಂದು ನೋಡಿ, ಕೈಲಾದಷ್ಟು ಮಾಡುವ ಆಪ್ತಸಮಾಲೋಚಕಿಯ ಕೆಲಸ. ಈ ಶಾಲೆ ಇದ್ದದ್ದು ಪಾಲಿಬೆಟ್ಟದ ಆಚೆ, ದೊಡ್ಡದೊಂದು ಕಾಫಿ ಎಸ್ಟೇಟಿನ ಬೇಲಿಗೆ ಅಂಟಿಕೊಂಡು. ಓದುವವರೆಲ್ಲ ಎಸ್ಟೇಟಿನ ಕೆಲಸಗಾರರ ಸಾಲುಮನೆಗಳಾದ ಲೈನಿನ ಮಕ್ಕಳು. ಐದು ತರಗತಿಗೆ ಎರಡು ಕೋಣೆ, ಇಬ್ಬರು ಟೀಚರ್.

ಚೀಟಿ ಬರೆದ ಟೀಚರಿಗೆ ಐವತ್ತು ದಾಟಿತ್ತು. ಮೂರ್ನಾಡಿನಿಂದ ಎರಡು ಬಸ್ಸು ಹತ್ತಿ ಇಳಿದು ಬರುತ್ತಿದ್ದರು. ಗಟ್ಟಿ ದನಿ, ಗಟ್ಟಿ ಕೈಬರಹ. "ಒಂದನೇ ಕ್ಲಾಸಿಂದ ನೋಡ್ತಾ ಇದ್ದೇನೆ ನಾನು. ಒಂದಕ್ಷರ ಇಲ್ಲ. ಹಾಜರಿ ಕರೆದ್ರೆ ಕೈಯೂ ಎತ್ತಲ್ಲ. ಮೇಲಿನ ಆಫೀಸಿಗೆ ಬರೆದಿದ್ದೇನೆ. ಮಾತು ಬಾರದ ಮಕ್ಕಳ ಹಾಸ್ಟೆಲ್ ಶಾಲೆ ಉಂಟಲ್ಲ, ಜೂನಿಗೆ ಅಲ್ಲಿಗೆ ಕಳಿಸ್ತಾರಂತೆ. ಅಲ್ಲಾದ್ರೂ ಚೆನ್ನಾಗಿರ್ಲಿ," ಎಂದರು. ಕೋಪದಿಂದಲ್ಲ, ನಿಜವಾದ ಕಾಳಜಿಯಿಂದಲೇ ಹೇಳಿದ್ದು.

ಹುಡುಗಿಯನ್ನು ಬಿಸಿಯೂಟದ ಅಕ್ಕಿಮೂಟೆ ಇಡುವ ಕೋಣೆಗೆ ಕಳಿಸಿದರು. ಏಳು ವರ್ಷ. ತೋಳು ಉದ್ದವಾದ, ಯಾರದೋ ಹಳೆಯ ಸ್ವೆಟರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಎದುರು ಕೂತಳು, ನನ್ನ ಮುಖ ಬಿಟ್ಟು ಬೇರೆಲ್ಲವನ್ನೂ ನೋಡಿದಳು. ನಾನು ಎದ್ದು ಅವಳ ಹಿಂದೆ ಹೋಗಿ, ಗೋಡೆ ಕಡೆ ತಿರುಗಿ, ತುಂಬ ಮೆಲ್ಲಗೆ "ಅಯ್ಯೋ, ಒಂದು ರಿಬ್ಬನ್ ಬಿಚ್ಚಿದೆಯಲ್ಲ," ಎಂದೆ. ಥಟ್ಟನೆ ಅವಳ ಕೈ ಜಡೆಗೆ ಹೋಯಿತು.

ಕಿವಿಯೂ ಸರಿ, ಕನ್ನಡವೂ ಸರಿ. ಹಾಗಾದರೆ ತೊಡಕು ಬೇರೆ ಏನೋ.

ಮೊದಲ ಎರಡು ವಾರ ಚಿತ್ರ ಬಿಡಿಸಲು ಕೊಟ್ಟೆ. ಬಿಡಿಸಿದಳು, ಚೆನ್ನಾಗಿಯೇ ಬಿಡಿಸಿದಳು. ಸಾಲು ಮನೆಗಳು, ಒಂದು ನಾಯಿ, ತಲೆಯ ಮೇಲೆ ಮೂಟೆ ಹೊತ್ತ ಹೆಂಗಸು. "ಇದು ಯಾರು?" ಎಂದರೆ ಬೆರಳಿನಿಂದ ತನ್ನ ಎದೆ ಮುಟ್ಟಿ, ಆಮೇಲೆ ಮೂಟೆಯ ಹೆಂಗಸನ್ನು ಮುಟ್ಟುತ್ತಿದ್ದಳು. ನನ್ನವರು ಎಂದು ಅರ್ಥ. ತುಟಿ ಮಾತ್ರ ಅಲುಗಲಿಲ್ಲ.

ಮೂರನೇ ವಾರ ನಾನೊಂದು ತಪ್ಪು ಮಾಡಿದೆ. ಹನ್ನೆರಡು ಬಣ್ಣದ ಪೆನ್ಸಿಲ್ಲಿನ ಹೊಸ ಡಬ್ಬಿ ತಂದಿದ್ದೆ. ಅದನ್ನು ತೆರೆದಿಟ್ಟು, ಅವಳು ನಾಲ್ಕೈದು ಪೆನ್ಸಿಲು ತೆಗೆದುಕೊಂಡು ಬರೆಯುತ್ತಿರುವಾಗ, "ಬೇಕು ಅಂತ ಒಂದೇ ಒಂದು ಸಲ ಹೇಳವ್ವ. ಪೂರ್ತಿ ಡಬ್ಬಿ ನಿಂದೇಯ," ಎಂದೆ. ಅವಳ ಕೈ ನಿಂತಿತು. ಸ್ವಲ್ಪ ಹೊತ್ತು ಪೆನ್ಸಿಲುಗಳನ್ನೇ ನೋಡಿದಳು. ಆಮೇಲೆ ಒಂದೊಂದಾಗಿ ಅವನ್ನು ಡಬ್ಬಿಯೊಳಗೆ, ಮೊದಲು ಯಾವ ಬಣ್ಣ ಯಾವ ಜಾಗದಲ್ಲಿತ್ತೋ ಅದೇ ಜಾಗದಲ್ಲಿಟ್ಟು, ಮುಚ್ಚಳ ಹಾಕಿ, ನನ್ನ ಕಡೆಗೆ ತಳ್ಳಿದಳು.

ಮಾರನೆಯ ದಿನದಿಂದ ಅವಳು ಶಾಲೆಗೇ ಬರಲಿಲ್ಲ.

ನಾಲ್ಕು ದಿನ ಕಾದು, ಐದನೆಯ ದಿನ ಸಂಜೆ ಎಸ್ಟೇಟಿನ ಗೇಟಿಗೆ ಹೋದೆ. ಕಾಫಿ ಹಣ್ಣು ಕೀಳುವ ಪಿಕಿಂಗ್ ಜೋರಾಗಿದ್ದ ಕಾಲ. ಕೆಲಸಗಾರರ ಲೆಕ್ಕ ನೋಡಿಕೊಳ್ಳುವ ರೈಟರ್ ತೂಕದ ಶೆಡ್ಡಿನಿಂದ ಹೊರಗೆ ಬಂದು ಕೈ ಅಡ್ಡ ಇಟ್ಟರು. "ಪಿಕಿಂಗ್ ಟೈಮಲ್ಲಿ ಹೊರಗಿನವ್ರನ್ನ ಬಿಡಬಾರ್ದು ಅಂತ ಆರ್ಡರ್ ಉಂಟು ಮೇಡಂ. ಆನೆ ಬೇರೆ ಒಳಗೇ ತಿರುಗ್ತಾ ಉಂಟು. ಮತ್ತೆ ನಾಳೆ ನಿಮ್ಗೆ ಏನಾದ್ರೂ ಆದ್ರೆ ನಂಗೆ ಬೈತಾರೆ." ಶಾಲೆಯ ಚೀಟಿ ತೋರಿಸಿದೆ. ಓದಿದರು, ತಲೆ ಕೆರೆದುಕೊಂಡರು. "ಐದೂವರೆಗೆ ಗೇಟಿನ ಹೊರಗೆ ಇರ್ಬೇಕು, ಆಯ್ತಾ?"

ಲೈನಿನ ತಿರುವಿಗೆ ಬರುವಾಗ ಯಾರೋ ಗದರುವುದು ಕೇಳಿಸಿತು. ಸಣ್ಣ ದನಿ, ಆದರೆ ದರ್ಪ ದೊಡ್ಡದು.

"ಏಯ್, ಇದೆಂತ? ಪೂರಾ ಹಸಿರು ಕಾಯಿ! ಕಣ್ಣು ಎಲ್ಲುಂಟು ನಿಂದು? ಹೋಗು, ಆರಿಸ್ಕೊಂಡು ಬಾ. ನೆಕ್ಸ್ಟ್!"

ಬೇಲಿಯ ಗಿಡದ ಸಂದಿನಿಂದ ನೋಡಿದೆ. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ನಮ್ಮ ಮೂಗಿ ಹುಡುಗಿ ಕೂತಿದ್ದಾಳೆ! ಕಿವಿಗೆ ಒಂದು ಕಡ್ಡಿ ಸಿಕ್ಕಿಸಿಕೊಂಡಿದ್ದಾಳೆ, ಅದು ಪೆನ್ನು. ಎದುರು ನಾಲ್ಕೈದು ಪುಟ್ಟ ಮಕ್ಕಳು ಎಲೆ ತುಂಬಿದ ಗೋಣಿಚೂರು ಹಿಡಿದು ಸಾಲು ನಿಂತಿದ್ದಾರೆ. ಇವಳು ಒಬ್ಬೊಬ್ಬರದನ್ನೂ ಎತ್ತಿ ತೂಗಿ, ಬೈದು, ಗಾಳಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಕೊರಳು ಓರೆ ಮಾಡುವುದು, ತಲೆ ಕೆರೆಯುವುದು, ಎಲ್ಲ ಈಗಷ್ಟೇ ನಾನು ಗೇಟಿನಲ್ಲಿ ಕಂಡ ರೈಟರದೇ ತದ್ರೂಪು. ಮಕ್ಕಳ ಜೊತೆ ತನ್ನ ಬುಡಕಟ್ಟಿನ ಎರವ ಮಾತು, ರೈಟರ್ ಆದ ಕೂಡಲೇ ಕನ್ನಡ. ನಗು ತಡೆಯಲಾಗದೆ ನಾನು ಅಲುಗಿದೆ. ಅವಳು ನೋಡಿಬಿಟ್ಟಳು. ಯಾರೋ ದೀಪ ಆರಿಸಿದಂತೆ ಮುಖ ಮಂಕಾಯಿತು. ಕಟ್ಟೆಯಿಂದ ಇಳಿದು ಮನೆಯೊಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಅಜ್ಜಿ ಕೆಲಸದಿಂದ ಬಂದರು. ಚಿತ್ರದಲ್ಲಿ ಮೂಟೆ ಹೊತ್ತಿದ್ದವರು ಇವರೇ. ಹುಡುಗಿಯ ಅಪ್ಪ ಅಮ್ಮ ಶುಂಠಿ ಹೊಲದ ಕೆಲಸಕ್ಕೆ ಕುಶಾಲನಗರದ ಆಚೆ ಹೋಗಿದ್ದರು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬರುವವರು. ಒಂದೇ ಕೋಣೆಯ ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ನನಗೆ ಕೂರಲು ಗೋಣಿ ಹಾಸಿ, ಹಾಲಿಲ್ಲದ ಟೀ ಕೊಟ್ಟರು.

"ಮೂಗಿಯಾ? ಇವ್ಳಾ?" ಅಜ್ಜಿ ನಗುತ್ತ ಕೆಮ್ಮಿದರು. "ಬೆಳಿಗ್ಗೆ ಕಣ್ಣು ಬಿಡೋಕೆ ಮೊದ್ಲು ಬಾಯಿ ಬಿಡ್ತಾಳೆ ಮೇಡಂ. ನಂಗೆ ತಲೆನೋವು ಬರ್ತದೆ."

"ಮತ್ತೆ ಶಾಲೇಲಿ ಯಾಕಜ್ಜಿ ಹಿಂಗೆ?"

ಅಜ್ಜಿ ಒಳಗೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. ಒಂದನೇ ತರಗತಿಗೆ ಸೇರಿದ ಮೊದಲ ವಾರ. ಆಗ ಹುಡುಗಿಗೆ ಮನೆಮಾತು ಬಿಟ್ಟು ಬೇರೆ ಬಾಯಿಗೆ ಬರುತ್ತಿರಲಿಲ್ಲ. ಹೊರಗೆ ಹೋಗಬೇಕೆಂದು ತನ್ನ ಮಾತಿನಲ್ಲೇ ಎದ್ದು ಕೇಳಿದ್ದಾಳೆ. ಟೀಚರಿಗೆ ಅರ್ಥವಾಗಲಿಲ್ಲ, "ಕನ್ನಡದಲ್ಲಿ ಹೇಳು," ಎಂದಿದ್ದಾರೆ. ಮತ್ತೆ ಹೇಳಿದ್ದಾಳೆ. ದೊಡ್ಡ ಮಕ್ಕಳು ಅವಳ ಮಾತನ್ನು ಅಣಕಿಸಿ ನಕ್ಕಿದ್ದಾರೆ. ಮೂರನೆಯ ಸಲ ಹೇಳುವಷ್ಟರಲ್ಲಿ ನಿಂತಲ್ಲೇ ಲಂಗ ಒದ್ದೆಯಾಗಿದೆ.

"ಮನೆಗೆ ಬಂದು ಎಂತದೂ ಹೇಳಿಲ್ಲ. ಪಕ್ಕದ ಮನೆ ಮಗು ಹೇಳ್ತು. ಅವತ್ತಿಂದ ಆ ಗೇಟು ದಾಟಿದ್ರೆ ಬಾಯಿಗೆ ಬೀಗ." ಅಜ್ಜಿ ಟೀ ಲೋಟ ತಿರುಗಿಸುತ್ತ ಕೂತರು. "ಆ ಹಾಸ್ಟೆಲಲ್ಲಿ ಮೂರು ಹೊತ್ತು ಊಟ ಉಂಟಂತೆ. ಒಳ್ಳೆ ಹಾಸಿಗೆ ಉಂಟಂತೆ. ಇಲ್ಲಿ ನನ್ನ ಹತ್ರ ಎಂತ ಉಂಟು? ಕಳಿಸ್ಲಾ ಬೇಡ್ವಾ, ನೀವೇ ಹೇಳಿ ಮೇಡಂ."

ಮಾತು ಬರುವ ಮಗುವನ್ನು ಮಾತು ಬಾರದವಳೆಂದು ದೂರದ ಊರಿಗೆ ಕಳಿಸಿದರೆ, ಅವಳಿಗೆ ಉಳಿದಿರುವ ಈ ಒಂದು ಜಾಗದ ಮಾತೂ ಹೋಗುತ್ತದೆ ಎಂಬುದಷ್ಟೇ ಕಣ್ಣಿಗೆ ಕಟ್ಟುತ್ತಿತ್ತು. "ಮೊದಲು ಮಡಿಕೇರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ," ಎಂದೆ.

ಅಜ್ಜಿ ಒಂದು ದಿನದ ಪಿಕಿಂಗ್ ಬಿಟ್ಟು ಬಂದರು. ಬಸ್ಸಿನಲ್ಲಿ ಅವರಿಬ್ಬರೂ ಹಿಂದಿನ ಸೀಟಿನಲ್ಲಿ, ನಾನು ಡ್ರೈವರ್ ಹತ್ತಿರ. ವಿರಾಜಪೇಟೆ ಬಿಟ್ಟ ಮೇಲೆ ಹಿಂದಿನಿಂದ ಅದೇ ಸಣ್ಣ ದನಿ ಶುರುವಾಯಿತು; ಕಿಟಕಿಯಲ್ಲಿ ಕಂಡದ್ದಕ್ಕೆಲ್ಲ ಪ್ರಶ್ನೆ. ನಾನು ಕತ್ತು ಹೊರಳಿಸಲಿಲ್ಲ. ಮೂರ್ನಾಡಿನಲ್ಲಿ ಜನ ಇಳಿಯುವಾಗ ಮಾತ್ರ ಮರೆತು ಹಿಂದೆ ನೋಡಿದೆ. ಮಾತು ನಿಂತಿತು. ಮುಂದೆ ತಿರುಗಿ ಕೂತೆ. ಊರು ದಾಟಿ ಎರಡು ತಿರುವಾದ ಮೇಲೆ ಮತ್ತೆ ಶುರುವಾಯಿತು. ಆ ದಿನ ನಾನು ಕಲಿತದ್ದು ಆಸ್ಪತ್ರೆಗಿಂತ ಬಸ್ಸಿನಲ್ಲೇ ಹೆಚ್ಚು.

ಕಿವಿಯ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಮಕ್ಕಳ ಮನಸ್ಸಿನ ವೈದ್ಯೆ ಅಜ್ಜಿಯ ಮಾತನ್ನು ಪೂರ್ತಿ ಕೇಳಿ, ನನ್ನ ಪೆನ್ಸಿಲಿನ ಕಥೆಯನ್ನೂ ಕೇಳಿದರು. ಇದು ಹಟ ಅಲ್ಲ, ಒಂದು ಬಗೆಯ ಆತಂಕ, ಕೆಲವು ಜಾಗದಲ್ಲಿ, ಕೆಲವರ ಮುಂದೆ ಗಂಟಲೇ ಕಟ್ಟಿಹೋಗುತ್ತದೆ ಎಂದು ವಿವರಿಸಿದರು. "ಮಾತಾಡಿಸೋ ಪ್ರಯತ್ನ ಪೂರ್ತಿ ನಿಲ್ಸಿ. ಅವಳು ಯಾರ ಹತ್ರ ಆರಾಮಾಗಿ ಮಾತಾಡ್ತಾಳೋ ಅವ್ರ ಜೊತೆ ಇರುವಾಗ, ಹೊಸಬರು ಒಬ್ಬರು ದೂರದಲ್ಲಿರ್ಲಿ. ಮಾತು ನಿಲ್ಲದ ಹಾಗೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ಬರ್ಲಿ. ಅವಸರ ಬೇಡ. ಮಾತು ನಿಂತ್ರೆ ಮತ್ತೆ ಹಿಂದಕ್ಕೆ ಹೋಗಿ."

ಇನ್ನು ಯಾರೂ ಮಾತಾಡಿಸುವುದಿಲ್ಲ ಎಂದು ಅಜ್ಜಿ ಹೇಳಿದ ಮೇಲೆ ಹುಡುಗಿ ಮತ್ತೆ ಶಾಲೆಗೆ ಬರತೊಡಗಿದಳು. ದಾರಿ ಸಿಕ್ಕಿತು ಎಂದುಕೊಂಡೆ. ಅಜ್ಜಿ ದಿನಾ ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಅರ್ಧ ಗಂಟೆ ಖಾಲಿ ಕೋಣೆಯಲ್ಲಿ ಮೊಮ್ಮಗಳ ಜೊತೆ ಕೂರುವುದು, ಟೀಚರ್ ಹೊರಗಿನಿಂದ ನಿಧಾನವಾಗಿ ಒಳಗೆ ಬರುವುದು. ಪುಸ್ತಕದಲ್ಲಿ ಚೆನ್ನಾಗಿ ಬರೆದೆ, ದಿನಾಂಕ ಸಹಿತ. ಆದರೆ ಎಸ್ಟೇಟಿನ ಹಾಜರಿ ಏಳೂವರೆಗೆ. "ಅರ್ಧ ಗಂಟೆ ತಡವಾದ್ರೂ ಅರ್ಧ ದಿನದ ಕೂಲಿ ಹೋಯ್ತು ಮೇಡಂ. ಒಬ್ರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕು," ಎಂದರು ರೈಟರ್. ಅಜ್ಜಿಯೂ ತಲೆಯಾಡಿಸಿದರು. ವರ್ಷದಲ್ಲಿ ಕೈಗೆ ನಾಲ್ಕು ಕಾಸು ಬರುವ ಕಾಲ ಅದೊಂದೇ. ನನ್ನ ಯೋಜನೆ ಪುಸ್ತಕದಲ್ಲೇ ಉಳಿಯಿತು.

ಎರಡು ದಿನ ಅದನ್ನೇ ಯೋಚಿಸಿದೆ. ಮೂರನೆಯ ದಿನ ಬಸ್ಸಿಗೆ ಕಾಯುತ್ತ ನಿಂತಾಗ ಹೊಳೆಯಿತು. ಮಗುವಿನ ಮಾತನ್ನು ಶಾಲೆಗೆ ಎಳೆದು ತರಬೇಕೆಂದು ನಾವೆಲ್ಲ ಒದ್ದಾಡುತ್ತಿದ್ದೇವೆ. ಮಾತು ಇರುವ ಜಾಗಕ್ಕೆ ಶಾಲೆಯೇ ಯಾಕೆ ಹೋಗಬಾರದು? ಮತ್ತೂ ಒಂದು ವಿಷಯ ಒಪ್ಪಿಕೊಳ್ಳಬೇಕಾಗಿತ್ತು: ಹತ್ತಿರ ಹೋಗಬೇಕಾದವಳು ನಾನಲ್ಲ. ನಾನು ವಾರಕ್ಕೊಮ್ಮೆ ಬಂದು ಹೋಗುವವಳು. ಅವಳಿಗೆ ಬೇಕಾದದ್ದು ದಿನಾ ಎದುರಿಗಿರುವ ಟೀಚರ್.

ಟೀಚರಿಗೆ ಹೇಳುವುದು ಸುಲಭವಾಗಲಿಲ್ಲ. ಮೊದಲ ವಾರದ ಆ ಘಟನೆಯನ್ನೂ ಹೇಳಲೇಬೇಕಿತ್ತು.

"ನನ್ನ ಕ್ಲಾಸಲ್ಲಾ? ನಾನಾ?"

"ನಿಮಗೆ ಗೊತ್ತಿದ್ದು ಮಾಡಿದ್ದಲ್ಲ ಟೀಚರ್. ನಲವತ್ತು ಮಕ್ಕಳ ಗಲಾಟೆಯಲ್ಲಿ..."

"ನಂಗೆ ನೆನಪೇ ಇಲ್ವಲ್ಲಮ್ಮಾ." ಅವರು ಅದನ್ನೇ ಎರಡು ಸಲ ಹೇಳಿದರು. ಆಮೇಲೆ ಸಿಟ್ಟು ಬಂತು, ನನ್ನ ಮೇಲೆ. "ಇಪ್ಪತ್ತೇಳು ವರ್ಷ ಪಾಠ ಮಾಡಿದ್ದೇನೆ. ಈಗ ಲೈನಿಗೆ ಹೋಗಿ ಯಾರದೋ ಅಂಗಳದಲ್ಲಿ ಸುಮ್ನೆ ಕೂತ್ಕೊಳ್ಬೇಕಾ ನಾನು? ನನ್ನ ಬಸ್ಸು ತಪ್ಪಿದ್ರೆ ಮನೆಗೆ ಹೇಗೆ ಹೋಗ್ಲಿ?"

ನಾನು ಒತ್ತಾಯಿಸಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಪೀಠಿಕೆ ಏನೂ ಇಲ್ಲ. "ಎಷ್ಟು ಗಂಟೆಗೆ ಹೋಗ್ಬೇಕು ಹೇಳಿ. ಸುಮ್ನೆ ಕೂರೋಕೆ ನನ್ನ ಕೈಲಾಗಲ್ಲ. ಎಂತಾದ್ರೂ ಕೆಲ್ಸ ತಗೊಂಡು ಬರ್ತೇನೆ."

ಅವರು ತಂದದ್ದು ಒಂದು ಮೊರ, ಒಂದು ಚೀಲ ಹುರುಳಿಕಾಳು. ನಿಯಮಗಳನ್ನು ನಾನು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಬೆನ್ನು ಹುಡುಗಿಯ ಕಡೆಗಿರಬೇಕು. ಪ್ರಶ್ನೆ ಕೇಳಬಾರದು. ಹೊಗಳಬಾರದು. ನಗು ಬಂದರೆ ನುಂಗಬೇಕು. ಅಜ್ಜಿ ಮನೆಗೆ ಬಂದ ಮೇಲೆ, ನೀರಿನ ತೊಟ್ಟಿಯ ಬಳಿ ಆಟ ಶುರುವಾಗುವ ಹೊತ್ತಿಗೆ, ನಲವತ್ತು ಹೆಜ್ಜೆ ದೂರದ ಕಲ್ಲಿನ ಮೇಲೆ ಕೂತು ಹುರುಳಿಯಲ್ಲಿ ಕಲ್ಲು ಆರಿಸಬೇಕು. ಅರ್ಧ ಗಂಟೆ ಕೂತು, ಯಾರಿಗೂ ಏನೂ ಹೇಳದೆ ಎದ್ದು ಬರಬೇಕು. ಎರಡು ದಿನ ಮಾತು ನಿಲ್ಲದಿದ್ದರೆ ಆರು ಹೆಜ್ಜೆ ಮುಂದೆ. ಹೀಗೆ ವಾರಕ್ಕೆ ನಾಲ್ಕು ದಿನ.

ನಾನು ಬಂದ ದಿನ ಗೇಟಿನ ಬಳಿ, ತೂಕದ ಶೆಡ್ಡಿನಲ್ಲಿ ಕಾಯುತ್ತಿದ್ದೆ. ಒಳಗೆ ಏನಾಗುತ್ತಿದೆಯೋ ಎಂಬುದೇ ನನ್ನ ಚಿಂತೆ. ರೈಟರಿಗೆ ಬೇರೆಯೇ ಚಿಂತೆ. "ಅಲ್ಲ ಮೇಡಂ, ಆ ಟೀಚರ್ ಮೂರ್ನಾಡಿಂದ ಇಲ್ಲಿವರೆಗೆ ಹುರುಳಿ ಹೊತ್ಕೊಂಡು ಬಂದು ಕಲ್ಲಾರಿಸ್ತಾರಲ್ಲ, ಅವ್ರ ಮನೇಲಿ ಜಾಗ ಇಲ್ವಾ?"

ವಿಷಯ ಹೇಳಿದೆ. ಆ ಹುಡುಗಿ ರೈಟರ್ ಆಡುತ್ತಾಳೆ, ನಿಮ್ಮ ಹಾಗೆಯೇ ಬೈಯುತ್ತಾಳೆ ಎಂದಾಗ ಅವರು ಪೆನ್ನು ಕೆಳಗಿಟ್ಟರು. "ನಾನು ಅಷ್ಟೆಲ್ಲ ಬೈತೇನಾ?" ಆ ಸಂಜೆಯೆಲ್ಲ ತೂಕಕ್ಕೆ ಬಂದ ಹೆಂಗಸರ ಜೊತೆ ಅವರು ಬಹಳ ಮರ್ಯಾದೆಯಿಂದ ಮಾತಾಡಿದರು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

ಮೊದಲ ಮೂರು ದಿನ ಟೀಚರನ್ನು ಕಂಡು ಹುಡುಗಿ ಮನೆಯಿಂದ ಹೊರಗೇ ಬರಲಿಲ್ಲ. ನಾಲ್ಕನೆಯ ದಿನ ಬಂದಳು, ಮಾತಿಲ್ಲದೆ ಆಡಿದಳು. ಒಂದು ವಾರವಾದ ಮೇಲೆ ಪಿಸುಮಾತು. ಎರಡನೆಯ ವಾರದ ಕೊನೆಗೆ ಹಳೆಯ ದರ್ಪ ಮರಳಿತು. ನನ್ನ ಪುಸ್ತಕದಲ್ಲಿ ನಲವತ್ತು, ಮೂವತ್ತನಾಲ್ಕು, ಇಪ್ಪತ್ತೆಂಟು ಎಂದು ಹೆಜ್ಜೆಗಳು ಇಳಿಯುತ್ತ ಬಂದವು.

ಇಪ್ಪತ್ತೆರಡರಲ್ಲಿ ಎಡವಿದೆವು. ಆಟದ ನಡುವೆ ಹುಡುಗಿ ನೂರರವರೆಗೆ ಎಣಿಸಿದಳಂತೆ, ಒಂದೂ ತಪ್ಪದೆ. ಟೀಚರಲ್ಲವೇ, ತಡೆಯಲಾಗಲಿಲ್ಲ. ಮೊರ ಬದಿಗಿಟ್ಟು, ತಿರುಗಿ, "ಶಹಬಾಸ್!" ಎಂದು ಚಪ್ಪಾಳೆ ತಟ್ಟಿಬಿಟ್ಟರು. ಹುಡುಗಿ ಒಳಗೆ ಓಡಿದಳು. ಗೇಟಿಗೆ ಬಂದಾಗ ಟೀಚರ ಕಣ್ಣು ತುಂಬಿತ್ತು. "ಹಾಳು ಮಾಡಿದೆ ನಾನು. ನೂರರವರೆಗೂ ಎಣಿಸ್ತಾಳೆ ಕಣಮ್ಮಾ ಅವ್ಳು. ನಾನು ಅವ್ಳ ಅಂಕಪಟ್ಟಿಯಲ್ಲಿ ಸೊನ್ನೆ ಹಾಕಿದ್ದೇನೆ."

ಮತ್ತೆ ನಲವತ್ತರಿಂದ ಶುರು. ಅಷ್ಟರಲ್ಲಿ ಎಸ್ಟೇಟಿಗೆ ಮರಿಗಳ ಸಮೇತ ಆನೆಗಳ ಹಿಂಡು ಇಳಿದು, ಐದು ದಿನ ಗೇಟು ಮುಚ್ಚಿತು. ಆರನೆಯ ದಿನ ಟೀಚರ್ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಮೊರ ಕಂಕುಳಲ್ಲಿಟ್ಟುಕೊಂಡು ನನಗಿಂತ ಮೊದಲೇ ಬಂದು ನಿಂತಿದ್ದರು. ಆ ಸಲ ಹೆಜ್ಜೆಗಳು ಬೇಗ ಇಳಿದವು. ಹುಡುಗಿಗೂ ಅವರು ಬರದ ದಿನ ಏನೋ ಕೊರತೆ ಎನಿಸಿರಬೇಕು. ಐದು ದಿನವೂ ಸಂಜೆ ಆ ಖಾಲಿ ಕಲ್ಲಿನ ಕಡೆ ನೋಡುತ್ತಿದ್ದಳೆಂದು ಅಜ್ಜಿ ಹೇಳಿದರು.

ಹತ್ತು ಹೆಜ್ಜೆಯಾಗಿದ್ದ ದಿನ ನಾನು ಬೇರೆ ಶಾಲೆಯಲ್ಲಿದ್ದೆ. ಆರು ಗಂಟೆಗೆ ಟೀಚರ ಫೋನ್ ಬಂತು. ಬಸ್ಸಿನ ಸದ್ದಿನ ನಡುವೆ ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ನಡೆದದ್ದು ಇಷ್ಟು. ಆಟದ ಸಾಲಿನಲ್ಲಿ ಅಂದು ಮಕ್ಕಳು ಕಡಿಮೆ. ಎಲ್ಲರ ತೂಕ ಮುಗಿದ ಮೇಲೆ ನಮ್ಮ ಪುಟ್ಟ ರೈಟರಿಗೆ ಕೆಲಸವಿಲ್ಲ. ಕಟ್ಟೆಯಿಂದ ಇಳಿದು ಬಂದು ಟೀಚರ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತಳಂತೆ. ಆಮೇಲೆ ಎದುರಿಗೆ ಬಂದು, ಆರಿಸಿಟ್ಟ ಹುರುಳಿಯೊಳಗೆ ಬೆರಳಾಡಿಸಿ, ಒಂದು ಸಣ್ಣ ಕಲ್ಲು ಎತ್ತಿ ಟೀಚರ ಮೂಗಿನ ಹತ್ತಿರ ಹಿಡಿದಳಂತೆ.

"ಇದೆಂತ? ಕಲ್ಲು ಉಂಟು ಇದ್ರಲ್ಲಿ. ಸರಿಯಾಗಿ ಆರಿಸಿ."

"ನೀವು ಏನು ಹೇಳಿದ್ರಿ?" ಎಂದೆ.

"ಆಯ್ತು ಸಾರ್, ಅಂದೆ," ಎಂದರು ಟೀಚರ್.

ಮುಂದಿನದು ನಿಧಾನವಾದ ಕೆಲಸ, ಆದರೆ ಭಯ ಹೋಗಿತ್ತು. ಒಂದು ಭಾನುವಾರ ಖಾಲಿ ಶಾಲೆಯಲ್ಲಿ ಅಜ್ಜಿ, ಹುಡುಗಿ, ಟೀಚರ್ ಮೂವರೇ ಕೂತರು. ಮುಂದಿನ ಭಾನುವಾರ ಜೊತೆಗೆ ಲೈನಿನ ಇಬ್ಬರು ಗೆಳತಿಯರು. ಆಮೇಲಿನ ವಾರ ರೈಟರ್ ತಾವಾಗಿಯೇ ಅಜ್ಜಿಯನ್ನು ಕರೆದು, ನಾಲ್ಕು ದಿನ ಬೆಳಿಗ್ಗೆ ತಡವಾಗಿ ಬಂದರೂ ಪೂರ್ತಿ ಹಾಜರಿ ಹಾಕುವುದಾಗಿ ಹೇಳಿದರು. ಮ್ಯಾನೇಜರನ್ನು ಅವರೇ ಕೇಳಿದ್ದರಂತೆ. ತರಗತಿ ತುಂಬಿರುವಾಗ ಅಜ್ಜಿ ಬಾಗಿಲ ಬಳಿ ಕೂತರು. ಟೀಚರ್ ಹಾಜರಿ ಕರೆಯುವ ರೀತಿಯನ್ನೇ ಬದಲಿಸಿದ್ದರು. ಬಾಯಲ್ಲಿ ಹೇಳಬಹುದು, ಕೈ ಎತ್ತಬಹುದು, ಮೇಜು ತಟ್ಟಬಹುದು, ಮನೆಮಾತಿನಲ್ಲೂ ಹೇಳಬಹುದು. ಮೊದಲ ದಿನ ಅವಳು ಮೇಜು ತಟ್ಟಿದಳು. ಮೂರನೆಯ ದಿನ ಪಕ್ಕದವಳ ಕಿವಿಯಲ್ಲಿ ಹೇಳಿದಳು, ಪಕ್ಕದವಳು ಕೂಗಿ ಹೇಳಿದಳು. ಅಜ್ಜಿ ಬಾರದ ಐದನೆಯ ದಿನ, ಅವಳ ಹೆಸರು ಕರೆದಾಗ, ಎರವ ಮಾತಿನಲ್ಲಿ ಉತ್ತರ ಬಂತು. ಸಣ್ಣ ದನಿ. ಯಾರೂ ನಗಲಿಲ್ಲ. ಲೈನಿನ ಇನ್ನೂ ಆರು ಮಕ್ಕಳು ಅವತ್ತು ತಮ್ಮ ಮಾತಿನಲ್ಲೇ ಹಾಜರಿ ಹೇಳಿದರು.

ಮಾರ್ಚಿನಲ್ಲಿ ಹಾಸ್ಟೆಲ್ ಶಾಲೆಗೆ ಮಕ್ಕಳನ್ನು ಆರಿಸುವ ಪಟ್ಟಿ ಬಂತು. ಅದರಲ್ಲಿ ಇವಳ ಹೆಸರಿತ್ತು. ಅಧಿಕಾರಿಗಳ ಮುಂದೆ ಅವಳನ್ನು ನಿಲ್ಲಿಸಿ ಮಾತಾಡಿಸಿದ್ದರೆ ಖಂಡಿತ ಬಾಯಿ ಬಿಡುತ್ತಿರಲಿಲ್ಲ. ಅದರ ಅಗತ್ಯ ಬರದಂತೆ ಕಿವಿಯ ವರದಿ, ವೈದ್ಯೆಯ ಪತ್ರ, ನನ್ನ ಟಿಪ್ಪಣಿ ಎಲ್ಲ ಸೇರಿಸಿದೆ. ಟೀಚರ್ ತಮ್ಮ ಗಟ್ಟಿ ಕೈಬರಹದಲ್ಲಿ ಬೇರೊಂದು ಪತ್ರ ಬರೆದರು. ನಾನು ಓದಿದೆ. "ಈ ಮಗುವಿಗೆ ಮಾತು ಬರುವುದಿಲ್ಲವೆಂದು ನಾನು ಬರೆದದ್ದು ತಪ್ಪು. ಅವಳ ಮಾತು ನನಗೆ ಬರುತ್ತಿರಲಿಲ್ಲ. ಅವಳು ನನ್ನ ತರಗತಿಯಲ್ಲೇ ಮುಂದುವರಿಯಬೇಕೆಂದು ಕೋರುತ್ತೇನೆ." ಅಧಿಕಾರಿ ಎರಡು ಸಲ ಓದಿ, ಕನ್ನಡಕ ತೆಗೆದು, ಹೆಸರಿನ ಮೇಲೆ ಗೆರೆ ಎಳೆದರು.

ಅಜ್ಜಿಗೆ ವಿಷಯ ಹೇಳಲು ಹೋದಾಗ ಅವರು ಮೊದಲು ಕೇಳಿದ್ದು, "ಅಲ್ಲಿನ ಊಟ ಹೋಯ್ತಲ್ಲ ಮೇಡಂ?" ಎಂದು. ಆಮೇಲೆ ಮೊಮ್ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡರು. "ಹೋಗ್ಲಿ. ತಲೆನೋವು ಇಲ್ದೆ ನಂಗೆ ನಿದ್ದೆ ಬರ್ತಿರ್ಲಿಲ್ಲ." ಊಟದ ವಿಷಯ ಸುಳ್ಳಲ್ಲ. ಅದನ್ನು ನಾನು ಸರಿ ಮಾಡಲಾಗಲಿಲ್ಲ. ಆ ಮನೆ ಇಂದಿಗೂ ಒಂದೇ ಕೋಣೆ, ಬೆಳಿಗ್ಗೆ ಇಂದಿಗೂ ಹಾಲಿಲ್ಲದ ಟೀ.

ಜೂನಿನಲ್ಲಿ ಶಾಲೆ ತೆರೆದ ಮೇಲೆ ಆ ಫೈಲು ಮುಚ್ಚಲು ಕೊನೆಯ ಸಲ ಹೋದೆ. ಮಧ್ಯಾಹ್ನದ ಬಿಡುವು. ತರಗತಿಯ ಕಿಟಕಿಯ ಹತ್ತಿರ ಬಂದಾಗ ಒಳಗೆ ಅವಳು ಬೆಂಚಿನ ಮೇಲೆ ನಿಂತು, ಅರ್ಧ ಕನ್ನಡ ಅರ್ಧ ಎರವ ಮಾತಿನಲ್ಲಿ, ಆನೆಯೊಂದು ಯಾರದೋ ಅಡುಗೆಮನೆಗೆ ಸೊಂಡಿಲು ಹಾಕಿದ ಕಥೆ ಹೇಳುತ್ತಿದ್ದಳು. ಕೈಯೇ ಸೊಂಡಿಲು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಮೂಲೆಯಲ್ಲಿ ಟೀಚರ್ ಊಟದ ಡಬ್ಬಿ ತೆರೆದಿಟ್ಟು, ತಿನ್ನುವುದನ್ನೇ ಮರೆತಿದ್ದರು.

ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಲೆ ಬಿತ್ತು. ಸೊಂಡಿಲು ಗಾಳಿಯಲ್ಲೇ ನಿಂತಿತು. ತುಟಿ ಮುಚ್ಚಿತು. ಅವಳು ನನ್ನನ್ನೇ ನೋಡಿದಳು, ಹೆದರಿಕೆಯಿಂದಲ್ಲ. ಮನೆಗೆ ಬಂದವರು ಹೊರಡಲಿ ಎಂದು ಮರ್ಯಾದೆಯಿಂದ ಕಾಯುವವರ ಹಾಗೆ. ಆವರೆಗೆ ಅವಳು ನನ್ನ ಜೊತೆ ಒಂದೇ ಒಂದು ಮಾತೂ ಆಡಿರಲಿಲ್ಲ. ಒಂದು ಕ್ಷಣ ಆಸೆಯಾಯಿತು, ನನಗೂ ಒಂದು ಮಾತು ಸಿಗಲಿ ಎಂದು. ಆಮೇಲೆ ಕೈ ಬೀಸಿ, ಬೆನ್ನು ತಿರುಗಿಸಿದೆ.

ಮೆಟ್ಟಿಲು ಇಳಿಯುವಷ್ಟರಲ್ಲಿ ಒಳಗೆ ಅವಳ ದನಿ ಮತ್ತೆ ಶುರುವಾಯಿತು, ಆನೆ ಅಕ್ಕಿಯ ಪಾತ್ರೆಗೆ ಬಾಯಿ ಹಾಕಿತು.